ಕತ್ತರಿ ಹಿಡಿದರೆ ಚಿತ್ರ ಬೇರೆಯೇ ಕಾಣುತ್ತದೆ

ಕಾಗದದ ಚಿತ್ರಗಳನ್ನು ಕತ್ತರಿಸಿ, ಹಲಗೆಗೆ ಅಂಟಿಸಿ, ಮೇಲೆ ವಾರ್ನಿಶ್ ಹಚ್ಚಿ ಗೋಡೆಗೆ ತೂಗುಹಾಕುವ ಕಲೆಗೆ ಡಿಕೂಪಾಜ್ ಅಂತಾರೆ. ಹೇಳಿದರೆ ಮೂರೇ ಹಂತ. ಅದರಲ್ಲಿ ನನ್ನ ಹೊತ್ತು ಜಾಸ್ತಿ ಹೋಗುವುದು ಮೊದಲನೆಯದಕ್ಕೆ. ಅಂಟಿಸುವುದು ಒಂದು ಸಂಜೆಯ ಕೆಲಸ. ವಾರ್ನಿಶ್ ತನ್ನಷ್ಟಕ್ಕೆ ಒಣಗುತ್ತದೆ. ಕತ್ತರಿಸುವಾಗ ಮಾತ್ರ ಚಿತ್ರದ ಜೊತೆ ಕೂತೇ ಇರಬೇಕು. ನನಗೆ ಈ ಕಲೆ ಹಿಡಿಸಿದ್ದೇ ಆ ಕಾರಣಕ್ಕೆ.

ದಿನಕ್ಕೆ ಎಷ್ಟು ಚಿತ್ರ ಕಣ್ಣ ಮುಂದೆ ಹಾದುಹೋಗುತ್ತವೆ ಅಂತ ಲೆಕ್ಕ ಇಡೋಕೂ ಆಗಲ್ಲ. ಚೆನ್ನಾಗಿದೆ ಅನ್ನಿಸುವಷ್ಟರಲ್ಲಿ ಬೆರಳು ಮುಂದಿನದಕ್ಕೆ ಜಾರಿರುತ್ತದೆ. ರಾತ್ರಿ ಹೊತ್ತಿಗೆ ಒಂದೂ ನೆನಪಿರುವುದಿಲ್ಲ. ಅಂಥದ್ದೇ ಒಂದು ಚಿತ್ರವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಕೈಗೆ ಕತ್ತರಿ ತೆಗೆದುಕೊಂಡು ಕೂತು ನೋಡಿ. ಈ ನೆರಳು ಎಲೆಯದ್ದೋ, ಹಿಂದಿನ ಕಲ್ಲಿನದ್ದೋ? ಈ ಗೆರೆ ರೆಕ್ಕೆಯ ಅಂಚೋ, ಆಚೆಗಿನ ಕೊಂಬೆಯೋ? ಸುಮ್ನೆ ನೋಡುವಾಗ ಇದನ್ನೆಲ್ಲ ಯಾರೂ ಕೇಳಿಕೊಳ್ಳುವುದಿಲ್ಲ. ಕತ್ತರಿಸುವಾಗ ಹೆಜ್ಜೆ ಹೆಜ್ಜೆಗೂ ಉತ್ತರ ಹೇಳಲೇಬೇಕು.

ಬೂದು ಬಕದ ಒಂದು ಚಿತ್ರ ಕತ್ತರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಹಳೇ ಕಾಲದ ಅಚ್ಚು, ಕೈಯಲ್ಲಿ ಬಣ್ಣ ತುಂಬಿದ್ದು, ಅದರ ಪ್ರತಿ. ಬಕದ ಕತ್ತು ಬಾಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಅದು ಒಂದೇ ಸಮನಾದ ಬಾಗಲ್ಲ. ಮೇಲಿಂದ ನಯವಾಗಿ ಇಳಿದು ಬಂದ ಗೆರೆ ನಡುವೆ ಒಂದು ಕಡೆ ಥಟ್ಟನೆ ತಿರುಗುತ್ತದೆ. ಕತ್ತರಿ ಅಲ್ಲಿ ನಿಂತುಬಿಟ್ಟಿತು. ಆಮೇಲೆ ಓದಿ ತಿಳಿದುಕೊಂಡೆ: ಬಕದ ಕತ್ತಿನ ಆರನೇ ಮೂಳೆ ಉಳಿದವಕ್ಕಿಂತ ಉದ್ದ. ಆ ತಿರುವು ಅದರಿಂದ. ಮೀನು ಕಂಡ ಕೂಡಲೇ ಕೊಕ್ಕನ್ನು ರಪ್ಪನೆ ಮುಂದಕ್ಕೆ ಚಾಚಲು ಬಕಕ್ಕೆ ಅದೇ ಅನುಕೂಲ. ಕಾಲಿಗೆ ಬಂದರೆ ಇನ್ನೊಂದು ವಿಷಯ. ಮಂಡಿ ಅಂದುಕೊಂಡಿದ್ದ ಗಂಟು ಹಿಂದಕ್ಕೆ ಮಡಚಿತ್ತು. ಅದು ಮಂಡಿಯೇ ಅಲ್ಲ, ನಮ್ಮ ಪಾದದ ಗಿಣ್ಣಿಗೆ ಸಮನಾದ ಗಂಟು. ನಿಜವಾದ ಮಂಡಿ ಮೇಲೆ, ಗರಿಗಳ ಒಳಗೆ ಅಡಗಿರುತ್ತದೆ. ಅಲ್ಲಿವರೆಗೂ ಎಷ್ಟೋ ಬಕಗಳನ್ನು ನೋಡಿದ್ದೇನೆ, ನೀರಲ್ಲೂ ಚಿತ್ರದಲ್ಲೂ. ಆ ಕಾಲನ್ನು ಕತ್ತರಿಸಿ ತೆಗೆದ ಮೇಲೆ ಮಾತ್ರ ಅದರ ನಿಲುವು ನನಗೆ ಅರ್ಥವಾಯಿತು.

ಅಷ್ಟು ಸಣ್ಣ ಕಾಲನ್ನು ಕತ್ತರಿಸುವುದು ಹೇಗೆ ಅಂತ ಕೇಳುವವರಿಗಾಗಿ ಸ್ವಲ್ಪ ಕೈಕೆಲಸದ ಮಾತು. ಉಗುರು ಕತ್ತರಿಸಲು ಬಳಸುವ, ಬಾಗಿದ ಮೂತಿಯ ಪುಟ್ಟ ಕತ್ತರಿ ಸಾಕು. ಕತ್ತರಿ ಹಿಡಿದ ಕೈ ಹೆಚ್ಚು ಅಲುಗಬಾರದು. ತಿರುಗಬೇಕಾದ್ದು ಇನ್ನೊಂದು ಕೈಯಲ್ಲಿರುವ ಕಾಗದ. ಕತ್ತರಿಯನ್ನು ಚೂರು ಓರೆ ಮಾಡಿ ಹಿಡಿದರೆ ಕಾಗದದ ಅಂಚೂ ಓರೆಯಾಗಿ, ಒಳಮುಖವಾಗಿ ಕತ್ತರಿಸಿಕೊಳ್ಳುತ್ತದೆ. ಆಗ ಕಾಗದದ ಬಿಳಿ ಮೈ ಮೇಲಿನಿಂದ ಕಾಣುವುದಿಲ್ಲ, ಅಂಚೂ ಹಲಗೆಗೆ ಚೆನ್ನಾಗಿ ಕೂರುತ್ತದೆ. ಇಷ್ಟಾದ ಮೇಲೂ ಬಿಳಿ ಗೆರೆ ಕಂಡರೆ ಅದೇ ಬಣ್ಣದ ಪೆನ್ಸಿಲನ್ನು ಅಂಚಿನ ಮೇಲೆ ಒಂದು ಸಲ ಎಳೆದರಾಯಿತು. ಕಡು ಬಣ್ಣದ ಹಿನ್ನೆಲೆ ಇದ್ದಾಗ ಇದನ್ನು ಬಿಡಲೇಬಾರದು.

ಒಳಗಿನ ಕಿಂಡಿಗಳನ್ನು ಮೊದಲು ಕತ್ತರಿಸಬೇಕು, ಹೊರಗಿನ ಅಂಚು ಕೊನೆಗೆ. ಎರಡು ಕಾಲುಗಳ ನಡುವಿನ ಜಾಗ, ಎಲೆಗಳ ಸಂದು, ಹೂವಿನ ತೊಟ್ಟು ಬಳಸಿಕೊಂಡು ಉಳಿಯುವ ಖಾಲಿ, ಇವೆಲ್ಲ ಮೊದಲು. ಆ ಹೊತ್ತಿನಲ್ಲಿ ಸುತ್ತಲಿನ ಕಾಗದ ಇನ್ನೂ ಇರುವುದರಿಂದ ಹಿಡಿತ ಸಿಗುತ್ತದೆ. ಇನ್ನೊಂದು ಹಳೇ ಉಪಾಯ ಇದೆ, ನನಗೆ ತುಂಬಾ ಇಷ್ಟ. ಬಕದ ಕಾಲಿನಂಥ, ಜರೀಗಿಡದ ಕುಡಿಯಂಥ ತೆಳ್ಳಗಿನ ಭಾಗಗಳ ನಡುವೆ ಪೆನ್ಸಿಲಿನಲ್ಲಿ ಸಣ್ಣ ಅಡ್ಡಪಟ್ಟಿಗಳನ್ನು ಬರೆದುಕೊಳ್ಳುವುದು. ಕತ್ತರಿಸುವಾಗ ಅವನ್ನು ಹಾಗೇ ಬಿಡುವುದು. ಒಂದು ಕಾಲಿಗೂ ಇನ್ನೊಂದಕ್ಕೂ ಅವು ಸೇತುವೆ. ಚಿತ್ರ ಎತ್ತಿ ಇಡುವಾಗ ಯಾವುದೂ ಮುರಿಯುವುದಿಲ್ಲ, ಮಡಚಿಕೊಳ್ಳುವುದಿಲ್ಲ. ಅಂಟು ಹಚ್ಚುವುದಕ್ಕೆ ಸ್ವಲ್ಪ ಮುಂಚೆ ಆ ಪಟ್ಟಿಗಳನ್ನು ಕತ್ತರಿಸಿ ತೆಗೆದುಬಿಡಬೇಕು. ಮುಗಿದ ಕೆಲಸ ನೋಡಿದವರಿಗೆ ಅವು ಅಲ್ಲಿದ್ದವು ಅಂತಲೂ ಗೊತ್ತಾಗುವುದಿಲ್ಲ.

ಕತ್ತರಿಯಿಂದ ನೋಡಲು ಕಲಿತವರಲ್ಲಿ ನನಗೆ ಅತಿ ಗೌರವ ಇರುವುದು ಮೇರಿ ಡೆಲನಿ ಅವರ ಮೇಲೆ. 1700ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಕಾಗದದ ಹೂಗಳನ್ನು ಶುರು ಮಾಡಿದಾಗ ಅವರಿಗೆ ವಯಸ್ಸು ಎಪ್ಪತ್ತು ದಾಟಿತ್ತು. ಹೂವನ್ನು ಎದುರಿಗಿಟ್ಟುಕೊಂಡು, ಬಣ್ಣದ ಕಾಗದದ ನೂರಾರು ಚೂರುಗಳನ್ನು ಕತ್ತರಿಸಿ, ಕಪ್ಪು ಹಿನ್ನೆಲೆಯ ಮೇಲೆ ಒಂದರ ಮೇಲೊಂದು ಅಂಟಿಸಿ ಇಡೀ ಗಿಡವನ್ನು ಕಟ್ಟುತ್ತಿದ್ದರು. ಕೇಸರಗಳು, ಎಲೆಯ ನರಗಳು, ದಳದ ಮೇಲಿನ ನೆರಳು, ಹೆಚ್ಚುಕಮ್ಮಿ ಎಲ್ಲವೂ ಕಾಗದವೇ. ಸುಮಾರು ಹತ್ತು ವರ್ಷ ಮಾಡಿ, ಕಣ್ಣು ಮಂಜಾದ ಮೇಲೆ 1782ರಲ್ಲಿ ನಿಲ್ಲಿಸಿದರು. ಅಷ್ಟರಲ್ಲಿ ಸಾವಿರದ ಹತ್ತಿರ ಚಿತ್ರಗಳಾಗಿದ್ದವು. ಅವು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅವರದ್ದು ನಾವು ಮಾಡುವ ಡಿಕೂಪಾಜ್ ಅಲ್ಲ, ನಿಜ. ನಾವು ಅಚ್ಚಾದ ಚಿತ್ರವನ್ನು ಕತ್ತರಿಸುತ್ತೇವೆ, ಅವರು ಬಣ್ಣದ ಹಾಳೆಯಲ್ಲಿ ಚಿತ್ರವನ್ನೇ ಕತ್ತರಿಸುತ್ತಿದ್ದರು. ಆದರೂ ಗಿಡವನ್ನು ಅಷ್ಟು ಹತ್ತಿರದಿಂದ ನೋಡಲು ಅವರಿಗೆ ದಾರಿಯಾಗಿದ್ದು ಕತ್ತರಿಯೇ ಅಲ್ವಾ.

ಇನ್ನು ಡಿಕೂಪಾಜ್‌ನ ಹಳೇ ಕಥೆ ಬೇರೆ ಕಡೆಯದ್ದು. ಹದಿನೆಂಟನೇ ಶತಮಾನದಲ್ಲಿ ಚೀನಾ ಮತ್ತು ಜಪಾನಿನಿಂದ ಬರುತ್ತಿದ್ದ, ಕನ್ನಡಿಯಷ್ಟು ಮಿರುಗುವ ಲ್ಯಾಕರ್ ಪೀಠೋಪಕರಣಗಳಿಗೆ ಯುರೋಪಿನ ಸಿರಿವಂತರು ಮುಗಿಬೀಳುತ್ತಿದ್ದರು. ಆ ಲ್ಯಾಕರ್ ಪೂರ್ವ ಏಷ್ಯಾದ ಮರವೊಂದರ ಹಾಲಿನಿಂದ ಬರುವಂಥದ್ದು, ಯುರೋಪಿನಲ್ಲಿ ಸಿಗುತ್ತಿರಲಿಲ್ಲ. ವೆನಿಸ್ಸಿನ ಕೆಲಸಗಾರರು ಒಂದು ದಾರಿ ಕಂಡುಕೊಂಡರು. ಅಚ್ಚಾದ ಚಿತ್ರಗಳಿಗೆ ಬಣ್ಣ ತುಂಬಿ, ಕತ್ತರಿಸಿ, ಬಣ್ಣ ಬಳಿದ ಮರದ ಮೇಲೆ ಅಂಟಿಸಿ, ಅದರ ಮೇಲೆ ಪದರದ ಮೇಲೆ ಪದರ ವಾರ್ನಿಶ್ ಹಚ್ಚಿದರು. ಲಾಕ್ಕಾ ಪೋವೆರಾ, ಅಂದರೆ ಬಡ ಲ್ಯಾಕರ್, ಅಂತ ಅದಕ್ಕೆ ಹೆಸರು ಬಂತು. ಕತ್ತರಿಸಿಕೊಳ್ಳಲೆಂದೇ ಚಿತ್ರದ ಹಾಳೆಗಳನ್ನು ಅಚ್ಚು ಹಾಕಿ ಮಾರುವವರೂ ಹುಟ್ಟಿಕೊಂಡರು. ಬಸ್ಸಾನೋ ಊರಿನ ರೆಮೊಂಡಿನಿ ಮನೆತನದ ಮುದ್ರಣಾಲಯ ಇದಕ್ಕೆ ಹೆಸರಾಗಿತ್ತು.

ಈ ಕಥೆ ಹೇಳಿದ್ದಕ್ಕೆ ಕಾರಣ ಇದೆ. ಡಿಕೂಪಾಜ್ ಅಂದರೆ ಮೂವತ್ತು ನಲವತ್ತು ಪದರ ವಾರ್ನಿಶ್ ಇರಲೇಬೇಕು, ಮೇಲೆ ಬೆರಳಾಡಿಸಿದರೆ ಕಾಗದದ ಅಂಚು ತಾಗಲೇಬಾರದು ಅನ್ನುವ ನಿಯಮ ಬಂದದ್ದು ಅಲ್ಲಿಂದ. ಮೇಜಿಗೆ, ಪೆಟ್ಟಿಗೆಗೆ ಆ ನಿಯಮ ಸರಿ. ಅವುಗಳ ಮೇಲೆ ದಿನವೂ ಕೈ ಓಡಾಡುತ್ತದೆ, ಬಟ್ಟೆಯಲ್ಲಿ ಒರೆಸುತ್ತಾರೆ. ಎದ್ದ ಅಂಚು ಒಂದು ದಿನ ಕಿತ್ತು ಬರುತ್ತದೆ. ಗೋಡೆಯ ಮೇಲಿನ ಚಿತ್ರವನ್ನು ಯಾರೂ ಮುಟ್ಟುವುದಿಲ್ಲ. ಅದಕ್ಕೆ ಐದಾರು ತೆಳು ಪದರ ಧಾರಾಳ ಸಾಕು ಅಂತ ನನ್ನ ಖಚಿತ ಅಭಿಪ್ರಾಯ. ಇನ್ನೂ ಮುಂದೆ ಹೋಗಿ ಹೇಳುತ್ತೇನೆ, ಕಾಗದದ ಅಂಚು ಚೂರು ಕಂಡರೆ ಚೆಂದವೇ. ಪಕ್ಕದಿಂದ ಬೆಳಕು ಬಿದ್ದಾಗ ರೆಕ್ಕೆಯ ಸುತ್ತ ಕೂದಲೆಳೆಯಷ್ಟು ನೆರಳು ಬೀಳುತ್ತದಲ್ಲ, ಅಚ್ಚಾದ ಪೋಸ್ಟರಿನಲ್ಲಿ ಅದು ಸಿಗುವುದೇ ಇಲ್ಲ. ಇದು ಕೈಯಿಂದ ಕತ್ತರಿಸಿದ್ದು ಅಂತ ದೂರದಿಂದಲೇ ಗೊತ್ತಾಗುತ್ತದೆ.

ವಾರ್ನಿಶ್ ವಿಷಯ ಬಂದದ್ದರಿಂದ ಅದನ್ನೂ ಮುಗಿಸಿಬಿಡುತ್ತೇನೆ. ಎಣ್ಣೆ ಮೂಲದ ವಾರ್ನಿಶ್ ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ. ಹಳೇ ಕಾಲದ ಕಳೆ ಬೇಕು ಅನ್ನುವವರಿಗೆ ಅದು ಚೆಂದ, ಆದರೆ ಬಿಳಿ ಮತ್ತು ನೀಲಿ ಜಾಸ್ತಿ ಇರುವ ಚಿತ್ರವನ್ನು ಅದು ಕೆಡಿಸುತ್ತದೆ. ನೀರು ಮೂಲದ ಅಕ್ರಿಲಿಕ್ ವಾರ್ನಿಶ್ ಹಚ್ಚುವಾಗ ಹಾಲಿನಂತೆ ಬೆಳ್ಳಗಿದ್ದರೂ ಒಣಗಿದ ಮೇಲೆ ತಿಳಿಯಾಗುತ್ತದೆ, ಹಾಗೇ ಉಳಿಯುತ್ತದೆ. ಗೋಡೆಗೆ ಮ್ಯಾಟ್ ಇರಲಿ. ಹೊಳಪಿನದ್ದಾದರೆ ಎದುರಿನ ಕಿಟಕಿ ಚಿತ್ರದೊಳಗೆ ಬಂದು ಕೂರುತ್ತದೆ. ಆದರೆ ಎಲ್ಲಾ ಪದರಗಳೂ ಮ್ಯಾಟ್ ಆದರೆ ಕಡು ಬಣ್ಣಗಳು ಮಂಕಾಗುತ್ತವೆ, ಯಾಕೆಂದರೆ ಹೊಳಪು ಕಡಿಮೆ ಮಾಡಲು ಅದರಲ್ಲಿ ಬೆರೆಸಿರುವ ನುಣುಪಾದ ಪುಡಿ ಪದರ ಪದರವಾಗಿ ಸೇರಿಕೊಳ್ಳುತ್ತಾ ಹೋಗುತ್ತದೆ. ಕೆಳಗಿನವೆಲ್ಲ ಹೊಳಪಿನ ಪದರ, ಕೊನೆಯದೊಂದು ಮಾತ್ರ ಮ್ಯಾಟ್. ಹೀಗೆ ಮಾಡಿದರೆ ಎರಡೂ ಸಿಗುತ್ತದೆ. ಉಜ್ಜಿ ನುಣುಪು ಮಾಡುವ ಆಸೆ ಇದ್ದರೆ ಚಿತ್ರ ಪೂರ್ತಿ ವಾರ್ನಿಶ್ ಕೆಳಗೆ ಮುಳುಗುವವರೆಗೆ ಕಾಯಬೇಕು. ಆಮೇಲೆ 400 ನಂಬರಿನ ನೀರು ಸ್ಯಾಂಡ್‌ಪೇಪರ್, ಅದಾದ ಮೇಲೆ 600. ಅವಸರ ಮಾಡಿದರೆ ಮೊದಲು ಕಿತ್ತುಹೋಗುವುದು ಅಂಚಿನ ಬಣ್ಣವೇ.

ಅಂಟಿಸುವ ಹಂತದಲ್ಲಿ ಎಲ್ಲರನ್ನೂ ಕಾಡುವುದು ಗುಳ್ಳೆ ಮತ್ತು ಸುಕ್ಕು. ಇದಕ್ಕೆ ಕಾರಣ ಕೈಗುಣ ಅಲ್ಲ, ನೀರು. ಕಾಗದ ಅಂದರೆ ಒತ್ತಿ ಒಣಗಿಸಿದ ನಾರು. ನೀರು ಕುಡಿದ ಕೂಡಲೇ ಪ್ರತಿ ಎಳೆಯೂ ನೆನೆಸಿದ ಕಾಳಿನ ಹಾಗೆ ದಪ್ಪಗಾಗುತ್ತದೆ, ಉದ್ದದಲ್ಲಿ ಮಾತ್ರ ಅಷ್ಟಾಗಿ ಬೆಳೆಯುವುದಿಲ್ಲ. ಯಂತ್ರದಲ್ಲಿ ಮಾಡಿದ ಕಾಗದದಲ್ಲಿ ಹೆಚ್ಚಿನ ಎಳೆಗಳು ಯಂತ್ರ ಓಡುವ ದಿಕ್ಕಿಗೇ ಮಲಗಿರುತ್ತವೆ. ಹಾಗಾಗಿ ಹಾಳೆ ಒಂದು ದಿಕ್ಕಿಗೆ ಮಾತ್ರ ಜಾಸ್ತಿ ಹಿಗ್ಗುತ್ತದೆ. ಒಣ ಕಾಗದಕ್ಕೆ ಅಂಟು ಹಚ್ಚಿ ತಕ್ಷಣ ಹಲಗೆಗೆ ಒತ್ತಿದರೆ ಅದು ಹಲಗೆಯ ಮೇಲೆ ಕೂತ ಮೇಲೆ ಹಿಗ್ಗಲು ಶುರು ಮಾಡುತ್ತದೆ. ಜಾಗ ಇಲ್ಲದೆ ಮೇಲಕ್ಕೆ ಏಳುತ್ತದೆ. ಸುಕ್ಕು ಅಂದರೆ ಅಷ್ಟೇ.

ಮುಂಚೆಯೇ ಹಿಗ್ಗಿಸಿಬಿಟ್ಟರೆ ತೊಂದರೆ ಇಲ್ಲ. ಕಾಗದದ ಹಿಂಬದಿಯನ್ನು ಒದ್ದೆ ಸ್ಪಂಜಿನಿಂದ ಸವರಿ, ಕೆಲವು ನಿಮಿಷ ಬಿಡಿ. ಅದು ಮೆತ್ತಗಾಗಿ, ಅಲೆಅಲೆಯಾಗಿ, ಆಮೇಲೆ ತಾನೇ ಸಪಾಟಾಗುತ್ತದೆ. ಆಗ ಹಲಗೆಗೆ ತೆಳ್ಳಗೆ ಅಂಟು ಹಚ್ಚಿ, ಚಿತ್ರದ ನಡುಭಾಗವನ್ನು ಮೊದಲು ಕೂರಿಸಿ, ಅಲ್ಲಿಂದ ಅಂಚಿನ ಕಡೆ ಬೆರಳಲ್ಲಿ ಒತ್ತುತ್ತಾ ಬನ್ನಿ. ಒಣಗುವಾಗ ಕಾಗದ ಕುಗ್ಗಿ ಬಿಗಿಯಾಗುತ್ತದೆ, ಸಣ್ಣ ಪುಟ್ಟ ಗುಳ್ಳೆಗಳನ್ನು ಅದೇ ಎಳೆದುಕೊಳ್ಳುತ್ತದೆ. ಆದ್ದರಿಂದ ಹಸಿಯಿದ್ದಾಗ ಗುಳ್ಳೆಗಳನ್ನು ಕೆದಕಬೇಡಿ. ಒಣಗಿದ ಮೇಲೂ ಉಳಿದ ಗುಳ್ಳೆಯನ್ನು ಚಿತ್ರದಲ್ಲೇ ಇರುವ ಒಂದು ಗೆರೆಯ ಗುಂಟ ಬ್ಲೇಡಿನಿಂದ ಸೀಳಿ, ಸೂಜಿಯ ತುದಿಯಲ್ಲಿ ಅಂಟು ಒಳಗೆ ಬಿಟ್ಟು ಒತ್ತಿದರೆ ಸೀಳಿದ್ದು ಕಾಣುವುದಿಲ್ಲ. ಸ್ಪಂಜಿನ ಈ ಉಪಾಯ ಟಿಶ್ಯೂ ನ್ಯಾಪ್ಕಿನ್‌ಗೆ ನಡೆಯುವುದಿಲ್ಲ. ಅದರ ಎರಡು ಮೂರು ಪದರಗಳಲ್ಲಿ ಅಚ್ಚಿರುವ ಮೇಲಿನದನ್ನು ಮಾತ್ರ ಬಿಡಿಸಿಕೊಂಡು, ಒಣದಾಗಿಯೇ ಹಲಗೆಯ ಮೇಲೆ ಇಟ್ಟು, ಮೇಲಿಂದ ಮೆತ್ತನೆಯ ಬ್ರಷ್ಷಿನಲ್ಲಿ ಅಂಟು ಸವರಬೇಕು.

ಕುಗ್ಗುವ ಆ ಕಾಗದ ಹಲಗೆಯನ್ನೂ ಎಳೆಯುತ್ತದೆ. ತೆಳು ಹಲಗೆಯ ಒಂದೇ ಬದಿಗೆ ದೊಡ್ಡ ಚಿತ್ರ ಅಂಟಿಸಿದರೆ ಅದು ಒಳಕ್ಕೆ ಬಾಗುತ್ತದೆ. ಹಿಂಬದಿಗೂ ಅಷ್ಟೇ ಗಾತ್ರದ ಸಾದಾ ಕಾಗದ ಅಂಟಿಸಿದರೆ ಎರಡೂ ಕಡೆಯ ಎಳೆತ ಸಮವಾಗುತ್ತದೆ.

ಅಂಟು ಯಾವುದು ಅಂದರೆ ಬಿಳಿ ಗೋಂದು, ಅಂದರೆ ಪಿವಿಎ, ಸ್ವಲ್ಪ ನೀರು ಬೆರೆಸಿದ್ದು. ಹಿಟ್ಟಿನ ಅಂಟು ಕೆಲಸಕ್ಕೆ ಹಗುರ, ಕಾಗದವನ್ನು ಜರುಗಿಸಿ ಸರಿಪಡಿಸಲು ಸಮಯ ಕೊಡುತ್ತದೆ. ಆದರೆ ಬೆಳ್ಳಿಹುಳಗಳಿಗೆ ಪಿಷ್ಟವೂ ಆಹಾರ, ಕಾಗದವೂ ಆಹಾರ. ಎರಡನ್ನೂ ಒಟ್ಟಿಗೆ ಬಡಿಸುವುದು ಬೇಡ ಅಂತ ನಾನು ಅದನ್ನು ಬಳಸುವುದಿಲ್ಲ.

ಕಾಗದದ ಗುಣ ತಿಳಿಯದೆ ಚಿತ್ರ ಆರಿಸಿದರೆ ಇಷ್ಟೆಲ್ಲಾ ಶ್ರಮ ನೀರುಪಾಲು. ಮ್ಯಾಗಜಿನ್ ಹಾಳೆಯ ಕಷ್ಟ ಏನೆಂದರೆ ಅಂಟು ಹೀರಿದಾಗ ಹಿಂಬದಿಯ ಅಕ್ಷರ, ಚಿತ್ರ ಮುಂದೆ ಮೂಡುತ್ತದೆ. ಕಾಗದ ಬೆಳ್ಳಗೆ ಕಾಣುವುದೇ ನಾರುಗಳ ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ. ಆ ಸಂದುಗಳಲ್ಲಿ ಅಂಟು ತುಂಬಿಕೊಂಡರೆ ಬೆಳಕು ಸೀದಾ ಒಳಗೆ ಹೋಗುತ್ತದೆ, ಹಿಂದಿನದು ಕಾಣುತ್ತದೆ. ಕತ್ತರಿಸುವ ಮುಂಚೆ ಹಿಂಬದಿಗೆ ಬಿಳಿ ಅಕ್ರಿಲಿಕ್ ಬಣ್ಣದ ಒಂದು ತೆಳು ಪದರ ಹಚ್ಚಿ ಒಣಗಿಸಿದರೆ ಇದು ತಪ್ಪುತ್ತದೆ. ಮನೆಯ ಪ್ರಿಂಟರಿನಲ್ಲಿ ತೆಗೆದ ಚಿತ್ರದ ಕಥೆ ಬೇರೆ. ಇಂಕ್‌ಜೆಟ್‌ನಲ್ಲಿ ಡೈ ಮಾದರಿಯ, ಅಂದರೆ ನೀರಿನಲ್ಲಿ ಕರಗುವ ಬಣ್ಣದ ಶಾಯಿ ಇದ್ದರೆ ಅಂಟಿನ ನೀರು ತಾಗಿದ್ದೇ ಬಣ್ಣ ಹರಡುತ್ತದೆ. ಲೇಸರ್ ಪ್ರಿಂಟಿನಲ್ಲಿ ಟೋನರ್ ಪುಡಿ ಕರಗಿ ಕಾಗದಕ್ಕೆ ಹಿಡಿದಿರುತ್ತದೆ, ನೀರಿಗೆ ಜಗ್ಗುವುದಿಲ್ಲ. ಹಾಗಾಗಿ ನನ್ನ ಆಯ್ಕೆ ಯಾವಾಗಲೂ ಲೇಸರ್. ದಿನಪತ್ರಿಕೆಯ ಹಾಳೆ ನೋಡಲು ಚೆಂದ, ಆದರೆ ಅದರಲ್ಲಿ ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಅನ್ನುವ ಅಂಶ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿ ಅದು ಹಳದಿಯಾಗುತ್ತದೆ. ವಾರ್ನಿಶ್ ಹಚ್ಚಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ.

ಹಳೇ ಫೋಟೋಗಳ ವಿಷಯದಲ್ಲಿ ನಾನು ಹಟ ಹಿಡಿದು ಹೇಳುತ್ತೇನೆ. ಅಜ್ಜ ಅಜ್ಜಿಯ ಫೋಟೋ, ಅಮ್ಮನ ಕೈಬರಹದ ಕಾಗದ, ಇವುಗಳ ಮೂಲಕ್ಕೆ ಕತ್ತರಿ ಹಾಕಬೇಡಿ. ಸ್ಕ್ಯಾನ್ ಮಾಡಿಸಿ, ಪ್ರತಿ ತೆಗೆದು ಅದನ್ನು ಕತ್ತರಿಸಿ. ಅಂಟಿ ಹೋದ ಮೂಲವನ್ನು ಯಾರಿಂದಲೂ ಬಿಡಿಸಿಕೊಡಲು ಆಗುವುದಿಲ್ಲ. ಪ್ರತಿ ಇದ್ದರೆ ಇನ್ನೊಂದು ಅನುಕೂಲವೂ ಇದೆ: ಅದೇ ಮುಖವನ್ನು ಚಿಕ್ಕದು ಮಾಡಬಹುದು, ದೊಡ್ಡದು ಮಾಡಬಹುದು, ಎಡಕ್ಕೆ ನೋಡುತ್ತಿದ್ದವರನ್ನು ಬಲಕ್ಕೆ ತಿರುಗಿಸಬಹುದು.

ಹೂವು, ಹಕ್ಕಿ, ಚಿಟ್ಟೆ, ನಕ್ಷೆ ಬೇಕಾದರೆ ಈಗ ಹುಡುಕಾಟ ಕಷ್ಟವಿಲ್ಲ. ಹಕ್ಕುಸ್ವಾಮ್ಯ ಮುಗಿದ ಹಳೇ ಚಿತ್ರಗಳನ್ನು ದೊಡ್ಡ ದೊಡ್ಡ ಸಂಗ್ರಹಾಲಯಗಳೇ ಉಚಿತವಾಗಿ ಕೊಡುತ್ತಿವೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ 2012ರಿಂದ ಕೊಡುತ್ತಿದೆ, ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ 2017ರಲ್ಲಿ ತನ್ನ ಸಂಗ್ರಹದ ಲಕ್ಷಗಟ್ಟಲೆ ಚಿತ್ರಗಳನ್ನು ಬಿಟ್ಟುಕೊಟ್ಟಿತು. ಗಿಡ ಮತ್ತು ಪ್ರಾಣಿಗಳ ಹಳೇ ಅಚ್ಚುಗಳಿಗೆ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಅನ್ನುವ ಆನ್‌ಲೈನ್ ಗ್ರಂಥಾಲಯಕ್ಕೆ ಸಾಟಿಯಿಲ್ಲ. ಈಗಿನ ಕಲಾವಿದರು ಬರೆದ ಚಿತ್ರವನ್ನು ಕತ್ತರಿಸಿ ಅಂಟಿಸಿ ಮಾರಲು ಹೊರಟರೆ ಅವರ ಒಪ್ಪಿಗೆ ಕೇಳಬೇಕಾದ್ದು ನ್ಯಾಯ.

ಬೇರೆ ಬೇರೆ ಕಡೆಯ ಚಿತ್ರಗಳನ್ನು ಒಂದೇ ಹಲಗೆಯ ಮೇಲೆ ತಂದಾಗ ಏನೋ ಹೊಂದಿಕೆಯಾಗುತ್ತಿಲ್ಲ ಅನ್ನಿಸುವುದುಂಟು. ಬಣ್ಣ ಸರಿ ಇರುತ್ತದೆ, ಗಾತ್ರ ಸರಿ ಇರುತ್ತದೆ, ಆದರೂ ಕಣ್ಣು ಒಪ್ಪುವುದಿಲ್ಲ. ಆಗ ನೆರಳು ನೋಡಿ. ಒಂದು ಹೂವಿಗೆ ಎಡದಿಂದ ಬೆಳಕು, ಪಕ್ಕದ ಹಕ್ಕಿಗೆ ಬಲದಿಂದ ಬೆಳಕು ಬಿದ್ದಿದ್ದರೆ ಎರಡೂ ಒಂದೇ ಜಾಗದಲ್ಲಿವೆ ಅಂತ ಮನಸ್ಸು ನಂಬುವುದಿಲ್ಲ. ಹಳೇ ನಿಸರ್ಗ ಚಿತ್ರಕಾರರಲ್ಲಿ ಬೆಳಕು ಎಡ ಮೇಲ್ಮೂಲೆಯಿಂದ ಬರುವಂತೆ ಬರೆಯುವ ರೂಢಿ ಇತ್ತು. ಹಾಗಾಗಿ ಅಂಥ ಅಚ್ಚುಗಳನ್ನು ಸೇರಿಸಿದಾಗ ಸಲೀಸಾಗಿ ಕೂಡಿಕೊಳ್ಳುತ್ತವೆ. ಅಂಟು ಮುಟ್ಟುವ ಮೊದಲು ಎಲ್ಲವನ್ನೂ ಒಣದಾಗಿಯೇ ಹಲಗೆಯ ಮೇಲೆ ಹರಡಿ, ಒಂದು ರಾತ್ರಿ ಹಾಗೇ ಬಿಡುವುದು ನನ್ನ ಅಭ್ಯಾಸ. ಬೆಳಗ್ಗೆ ನೋಡಿದಾಗ ಸಾಮಾನ್ಯವಾಗಿ ಏನನ್ನಾದರೂ ತೆಗೆಯಬೇಕು ಅನ್ನಿಸುತ್ತದೆ, ಸೇರಿಸಬೇಕು ಅನ್ನಿಸುವುದು ಅಪರೂಪ. ಕಷ್ಟಪಟ್ಟು ಕತ್ತರಿಸಿದ್ದನ್ನು ಪಕ್ಕಕ್ಕಿಡಲು ಮನಸ್ಸು ಬರುವುದಿಲ್ಲ. ಆದರೂ ಇಡಬೇಕು. ಬಕದ ಸುತ್ತ ನಾನು ಹಾಕಿದ್ದ ಜೊಂಡು, ತಾವರೆ ಎಲೆ, ಡ್ರ್ಯಾಗನ್‌ಫ್ಲೈ ಎಲ್ಲಾ ಒಂದೊಂದಾಗಿ ಹೊರಗೆ ಬಂದವು. ಕೊನೆಗೆ ಉಳಿದದ್ದು ಬಕ ಮತ್ತು ಎರಡು ಜೊಂಡಿನ ಕಡ್ಡಿ. ಉಳಿದ ಖಾಲಿ ಜಾಗವೇ ನೀರಾಯಿತು.

ತೂಗುಹಾಕುವ ಗೋಡೆಗೆ ನೇರ ಬಿಸಿಲು ಬೀಳಬಾರದು. ಬಿಸಿಲಿಗೆ ಬಿದ್ದ ಪೋಸ್ಟರುಗಳು ನೀಲಿಗೆ ತಿರುಗಿರುವುದನ್ನು ನೀವು ನೋಡಿರುತ್ತೀರಿ. ಅಚ್ಚಿನ ನಾಲ್ಕು ಬಣ್ಣಗಳಲ್ಲಿ ಹಳದಿ ಮತ್ತು ಮಜೆಂಟಾ ಅನ್ನುವ ಗುಲಾಬಿ ಕೆಂಪು ಬೇಗ ಮಾಸುತ್ತವೆ, ಸಯಾನ್ ಅನ್ನುವ ಹಸಿರು ಮಿಶ್ರಿತ ನೀಲಿ ಮತ್ತು ಕಪ್ಪು ಉಳಿದುಕೊಳ್ಳುತ್ತವೆ. ನಮ್ಮ ಚಿತ್ರಗಳಿಗೂ ಅದೇ ಗತಿ.

ಹಲಗೆಯ ಹಿಂಬದಿಯಲ್ಲಿ ನಾಲ್ಕು ಸಾಲು ಬರೆದಿಡುವುದನ್ನೂ ನಾನು ಕೆಲಸದ ಭಾಗ ಅಂತಲೇ ಇಟ್ಟುಕೊಂಡಿದ್ದೇನೆ. ಚಿತ್ರ ಎಲ್ಲಿಂದ ಬಂತು, ಯಾವ ಅಂಟು, ಯಾವ ವಾರ್ನಿಶ್, ಯಾವ ತಿಂಗಳು. ಮೇರಿ ಡೆಲನಿ ಕೂಡ ತಮ್ಮ ಹಾಳೆಗಳ ಹಿಂದೆ ಗಿಡದ ಹೆಸರು, ದಿನ, ಮಾಡಿದ ಜಾಗ, ಎಷ್ಟೋ ಸಲ ಗಿಡ ಕೊಟ್ಟವರ ಹೆಸರನ್ನೂ ಬರೆಯುತ್ತಿದ್ದರು. ನನ್ನದಕ್ಕೆ ಅಷ್ಟು ದೊಡ್ಡ ಉದ್ದೇಶ ಇಲ್ಲ. ಮುಂದೆಂದಾದರೂ ಒಂದು ಅಂಚು ಎದ್ದು, ಯಾರಾದರೂ ಅದನ್ನು ಸರಿ ಮಾಡಲು ಕೂತರೆ, ಮೇಲಿರುವುದು ನೀರಿನ ವಾರ್ನಿಶ್ಶೋ ಎಣ್ಣೆಯದ್ದೋ ಅಂತ ಅವರಿಗೆ ಗೊತ್ತಿರಬೇಕು. ಒಂದು ಮಾತು, ಪೆನ್ಸಿಲಿನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಕೆಲವೊಮ್ಮೆ ಕಾಗದದಲ್ಲಿ ಇಂಗಿ ಮುಂಬದಿಗೆ ಬರುತ್ತದೆ.